ಹೊನ್ನಕ್ಕನಿಗೆ ಕಡೆಯ ನೀರು

“ಅಜ್ಜಿ, ನೀ ಸತ್ತ ದಿನ ನಿನ್ನ ಮೈಗೆ ನಾನು ನೀರು ಹಾಕಲ್ಲ. ಆಣೆ.” ರೂಪಶ್ರೀ ಹಾಗೆ ಮಾತು ಕೊಟ್ಟಿದ್ದು ಏಳನೇ ವಯಸ್ಸಿನಲ್ಲಿ. ಈಗ ಹಂಡೆಯ ನೀರು ಕಾದಿತ್ತು. ಹೊನ್ನಕ್ಕನ ಹೆಣ ಇನ್ನೂ ಚಾಪೆಯ ಮೇಲಿತ್ತು. ಮನೆಯ ಹೆಣ್ಣುಮಕ್ಕಳು ಒಂದೊಂದು ತಂಬಿಗೆ ಹಾಕುವುದು ವಾಡಿಕೆ. ಹೊನ್ನಕ್ಕನ ಸೊಸೆ ಶಕುಂತಲಮ್ಮ ತಂಬಿಗೆ ತುಂಬಿ ಮಗಳು ರೂಪಶ್ರೀಯತ್ತ ಚಾಚಿದ್ದಳು.

“ನಿನ್ನ ಸಾಕಿದಾಕಿ ಕಣವ್ವ. ಹರಿಹರದಿಂದ ಮೊದಲ್ನೇ ಬಸ್ಸಿಗೆ ಬಂದಿದ್ದು ಬರೇ ನೋಡಿ ಹೋಗಾಕಾ?”

“ನೀನೇ ಹಾಕವ್ವ.”

“ಲಗೂನ ಮಾಡ್ರಿ,” ಎಂದಳು ಪಕ್ಕದ ಮನೆಯ ಓಬಕ್ಕ. “ಹೊನ್ನಕ್ಕ ಬದುಕಿದ್ರೆ ಇಷ್ಟೊತ್ತಿಗೆ ನಮ್ಮನ್ನೆಲ್ಲ ಬೈದು, ತಾನೇ ಮೈ ತೊಳ್ಕೊಂಡು ಭಟ್ಟಿಗೆ ಹೋಗಿರೋಳು.”

ಅಳುತ್ತಿದ್ದವರೂ ನಕ್ಕರು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಬೆಂಕಿಯೆದುರೇ ಆಕೆಯ ಆಯುಷ್ಯ ಕಳೆದಿತ್ತು. ಹುಬ್ಬಿನ ಕೂದಲು ಎಂದೋ ಸುಟ್ಟು ಹೋಗಿದ್ದವು.

*

ಆಗ ರೂಪಶ್ರೀಯ ಲಂಗ ಯಾವಾಗಲೂ ಒದ್ದೆ. ಶಾಲೆಯಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ತಾಯಿತ ಕಟ್ಟಿಸಿ, ಸಂಜೆಯ ಮೇಲೆ ನೀರು ಬಿಡಿಸಿ ಸೋತ ಹೊನ್ನಕ್ಕ, ಒಂದು ದಿನ ಸಲಾಕೆ ಕಾಯಿಸಿ ಮಗುವಿನ ತೊಡೆಗೆ ಬರೆ ಎಳೆದಳು. ನೋವಿನಲ್ಲಿ ಹುಡುಗಿ ನೀರು ಹಾಕಲ್ಲವೆಂದು ಆಣೆ ಇಟ್ಟಿದ್ದು ಅಂದೇ. ಬೆಳಿಗ್ಗೆ ಹಾಸಿಗೆ ಮತ್ತೆ ಒದ್ದೆಯಾಗಿತ್ತು.

ಬರೆ ಮಾಯ್ದ ಮೇಲೆ ಹೊನ್ನಕ್ಕನೇ ಅವಳನ್ನು ಮಕ್ಕಳ ಮೂತ್ರರೋಗದ ಡಾಕ್ಟರ ಹತ್ತಿರ ಕರೆದೊಯ್ದಳು.

“ಉಚ್ಚೆ ಹೊಯ್ದು ಬಂದ ಮೇಲೂ ಸೋರುತ್ತಾ?”

“ಎದ್ದು ಬರಾದ್ರೊಳಗೆ ಮತ್ತೆ ಹಸಿ, ಸಾಹೇಬ್ರೆ. ಬಲು ಸೋಮಾರಿ ಐತೆ.”

ಸ್ಕ್ಯಾನ್ ನೋಡಿ ಡಾಕ್ಟರು ತಲೆಯಾಡಿಸಿದರು. “ಸೋಮಾರಿ ಅಲ್ಲಮ್ಮ. ಕಿಡ್ನಿಯಿಂದ ಮೂತ್ರದ ಚೀಲಕ್ಕೆ ಬರೋ ನಾಳ ಒಂದು ಹೆಚ್ಚಿಗೆ ಇದೆ. ಅದು ಚೀಲ ಬಿಟ್ಟು ಕೆಳಗೆ ಬಾಯಿ ತೆಗೆದಿದೆ. ಹುಟ್ಟಿದಾಗಿಂದ ಹಾಗೇ. ತಡ್ಕೋ ಅಂದ್ರೆ ಹೇಗೆ ತಡ್ಕೊಳ್ತಾಳೆ? ಆಪರೇಷನ್ ಮಾಡಿ ಚೀಲಕ್ಕೆ ಕೂಡಿಸಿದ್ರೆ ನಿಲ್ಲುತ್ತೆ.” ಅವರ ಕಣ್ಣು ತೊಡೆಗೆ ಬಿತ್ತು. “ಇದೇನು?”

“ಒಲಿ ತಾಗ್ತು,” ಎಂದು ಹೊನ್ನಕ್ಕ ಲಂಗ ಕೆಳಗೆಳೆದಳು.

ಆಪರೇಷನ್ ಆಯಿತು. ಸೋರುವುದು ನಿಂತಿತು. ಆಮೇಲೆ ಎಷ್ಟೋ ವರ್ಷ ಮುದುಕಿ ನಸುಕಿಗೆದ್ದು ಮೊಮ್ಮಗಳ ಹಾಸಿಗೆ ಮುಟ್ಟಿ ನೋಡಿಯೇ ಭಟ್ಟಿಗೆ ಹೋಗುತ್ತಿದ್ದಳು. ತಪ್ಪಾಯಿತು ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ.

*

“ಹಿಡೀರಿ, ಎತ್ರಿ,” ಎಂದಳು ಓಬಕ್ಕ.

ಹೆಂಗಸರು ಎತ್ತಿದೊಡನೆ ಹೊನ್ನಕ್ಕನ ಸೀರೆ ಒದ್ದೆಯಾಯಿತು. ಉಚ್ಚೆ ಕಾಲಗುಂಟ ಇಳಿದು ಚಾಪೆಗೆ ಹರಿಯಿತು. ಓಬಕ್ಕ ಮೂಗಿಗೆ ಸೆರಗು ಹಿಡಿದಳು.

“ಶಿವನೇ, ಈಗ್ಲಾ ಮುದುಕಿ?”

“ಬೇಕಂತ ಮಾಡಿದ್ದಲ್ಲ. ಬಾಯಿ ಮುಚ್ಚಿ ನಿಂದ್ರು,” ಎಂದಳು ರೂಪಶ್ರೀ.

ಅವಳೇ ಕೂತು ಒದ್ದೆ ಸೀರೆ ಬಿಡಿಸಿದಳು. ಒಣ ಬಟ್ಟೆಯಲ್ಲಿ ತೊಡೆ, ಮೊಣಕಾಲು, ಪಾದ ಒರೆಸಿದಳು. ಶಕುಂತಲಮ್ಮ ಮತ್ತೆ ತಂಬಿಗೆ ಚಾಚಿದಳು.

“ಈಗಾದ್ರೂ ಹಾಕವ್ವ. ಜನ ಏನಂದಾರು?”

ರೂಪಶ್ರೀ ಸೀರೆ ಮುದ್ದೆ ಮಾಡಿಕೊಂಡು ಒಗೆಯುವ ಕಲ್ಲಿನ ಕಡೆ ಹೋದಳು. ಹಿಂದೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅವಳು ಸೀರೆ ಹಿಂಡಿ ಬರುವಷ್ಟರಲ್ಲಿ ಹೊನ್ನಕ್ಕನ ಹಣೆಗೆ ವಿಭೂತಿ ಹಚ್ಚಿದ್ದರು.

ಅಜ್ಜಿಯ ಮೈಗೆ ಅವಳು ನೀರು ಹಾಕಲಿಲ್ಲ.