ಕನ್ನಡಿಯಣ್ಣನ ಎಡಗಣ್ಣು

ತೀರಿಕೊಂಡ ಅಣ್ಣನ ರೆಪ್ಪೆಯನ್ನು ತಮ್ಮ ಮೂರನೆಯ ಸಲ ಕೆಳಗೆಳೆದು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಕೈ ತೆಗೆದ ಕೂಡಲೇ ಅಣ್ಣನ ಎಡಗಣ್ಣು ಮತ್ತೆ ಅರ್ಧ ತೆರೆದುಕೊಂಡಿತು.

“ಸಾಕು ಬಿಡಪ್ಪ,” ಎಂದಳು ತಲೆಯ ಬಳಿ ಕೂತಿದ್ದ ಅಣ್ಣನ ಹೆಂಡತಿ. “ಬದುಕಿದ್ದಾಗ ಆ ಕಣ್ಣು ಕೆಲಸ ಮಾಡ್ಲಿಲ್ಲ. ಈಗ ನೋಡು, ಹಟ ಮಾಡ್ತಿದೆ.”

“ಏನಂದ್ರಿ ಅತ್ತಿಗೆ?”

“ಕಣ್ಣು ಹೋಗಿ ಹನ್ನೊಂದು ವರ್ಷ ಆಯ್ತು. ಯಾರಿಗೂ ಹೇಳಬೇಡ ಅಂದಿದ್ರು. ಇನ್ಯಾರು ಕೆಲಸದಿಂದ ತೆಗೀತಾರೆ, ಹೇಳ್ತೀನಿ.”

ಬಾಗಿಲಲ್ಲಿ ನಿಂತಿದ್ದ ಹುಡುಗಿ ಚೌಕಟ್ಟನ್ನು ಹಿಡಿದುಕೊಂಡಳು. ಪ್ರಯೋಗಾಲಯದಲ್ಲಿ ಎರಡು ವರ್ಷ ಅವನ ಪಕ್ಕದಲ್ಲೇ ನಿಂತು ಕೆಲಸ ಕಲಿತ ಸಂಶೋಧನಾ ವಿದ್ಯಾರ್ಥಿನಿ ಅವಳು. ಅಲ್ಲಿ ಎಲ್ಲರಿಗೂ ಅವನು ಕನ್ನಡಿಯಣ್ಣ.

*

ಕಿಟಕಿಯಿಲ್ಲದ ಕೋಣೆ. ಮಂಚದಷ್ಟು ಅಗಲದ ಉಕ್ಕಿನ ಮೇಜು, ಅದರ ಮೇಲೆ ನಲವತ್ತೆರಡು ಪುಟ್ಟ ಕನ್ನಡಿಗಳು. ಲೇಸರಿನ ಮೊದಲ ಮಿಂಚು ಅಣುವನ್ನು ಒಡೆಯುತ್ತದೆ. ಬೆನ್ನಿಗೇ ಬರುವ ಎರಡನೆಯದು, ಒಡೆಯುತ್ತಿರುವ ಅಣು ಆ ಕ್ಷಣ ಹೇಗಿದೆಯೆಂದು ಹಿಡಿದು ತೋರಿಸುತ್ತದೆ. ನಡುವಿನ ಸಮಯವನ್ನು ಒಂದು ಕನ್ನಡಿಯನ್ನು ಕೂದಲೆಳೆಯಷ್ಟು ಸರಿಸಿ ಹೊಂದಿಸಬೇಕು. ಎರಡೂ ಕಿರಣ ಒಂದೇ ಚುಕ್ಕೆಯಲ್ಲಿ ಕೂಡದಿದ್ದರೆ ತಿಂಗಳ ದುಡಿಮೆ ನೀರುಪಾಲು. ರಕ್ಷಣೆಯ ಕನ್ನಡಕ ಹಾಕಿಕೊಂಡರೆ ಆ ಚುಕ್ಕೆಯೇ ಕಾಣುವುದಿಲ್ಲ.

ಕನ್ನಡಿಯಣ್ಣ ಕನ್ನಡಕವನ್ನು ಹಣೆಗೇರಿಸಿ, ಎಡಗಣ್ಣು ಮುಚ್ಚಿ ಬಗ್ಗುತ್ತಿದ್ದ. ಅದೂ ಕೆಲಸದ ಒಂದು ಕ್ರಮವೆಂದೇ ಅವಳು ತಿಳಿದಿದ್ದಳು.

“ನೀನು ತೆಗೀಬೇಡ,” ಎನ್ನುತ್ತಿದ್ದ. “ನಂದು ಹಳೇ ಕಣ್ಣು, ಲೇಸರಿಗೇ ಬೇಜಾರು ಬಂದಿದೆ.”

ಸೋಮವಾರ ಎದೆನೋವೆಂದು ಅವನು ರಜೆ ಹಾಕಿದ. ಅವಳು ಒಬ್ಬಳೇ ಇದ್ದಳು. ಕನ್ನಡಕ ಹಣೆಗೇರಿಸಿ, ಅವನಂತೆಯೇ ಎಡಗಣ್ಣು ಮುಚ್ಚಿ ಬಗ್ಗಿದಳು. ಕಿರಣ ಯಾವುದೋ ತಿರುಪಿನ ತಲೆಗೆ ತಾಗಿ ಅವಳ ಬಲಗಣ್ಣಿಗೆ ಚಿಮ್ಮಿತು. ಸದ್ದಿಲ್ಲ, ನೋವೂ ಇಲ್ಲ. ಒಂದು ಹಸಿರು ಹೊಳಪು, ಅಷ್ಟೇ.

ನಾಳೆ ಅವನಿಗೆ ಹೇಳೋಣ ಎಂದುಕೊಂಡಳು. ಮರುದಿನ ಸಾವಿನ ಸುದ್ದಿ ಬಂತು.

*

“ಲೇಸರು ಹೊಡೆದಾಗ ಮೊದಲು ಒಂದು ಕಪ್ಪು ಚುಕ್ಕೆ ಅಂದ್ರು,” ಹೆಂಡತಿ ಹೇಳುತ್ತಿದ್ದಳು. “ಎಲ್ಲಿ ನೋಡಿದ್ರೆ ಅಲ್ಲೇ ಬಂದು ಕೂರುತ್ತಂತೆ. ವಾರದಲ್ಲಿ ಹೋಗುತ್ತೆ ಅಂದ್ರು. ದಿನಾ ಬೆಳಿಗ್ಗೆ ಬಲಗಣ್ಣು ಮುಚ್ಕೊಂಡು ಗೋಡೆ ಗಡಿಯಾರ ನೋಡೋರು. ಮುಳ್ಳು ಕಾಣುತ್ತಾ ಅಂದ್ರೆ, ತಿಂಡಿ ಆಯ್ತಾ ಅನ್ನೋರು.”

“ಅದಕ್ಕೇ ಇಸ್ಪೀಟಲ್ಲಿ ನನ್ನ ಹತ್ರ ಸೋಲ್ತಿದ್ದ,” ಎಂದ ತಮ್ಮ. “ನಾನೇ ಜಾಣ ಅಂದ್ಕೊಂಡಿದ್ದೆ.”

ಯಾರೋ ನಕ್ಕು, ತಡೆದುಕೊಂಡರು.

“ಡಾಕ್ಟರಿಗೆ ತೋರಿಸ್ಲಿಲ್ವಾ ಅಮ್ಮಾ?” ಹುಡುಗಿ ಬಾಗಿಲಿಂದಲೇ ಕೇಳಿದಳು.

“ತೋರಿಸಿದ್ರೆ ಆಫೀಸಿಗೆ ಕಾಗದ ಬರೀತಾರಲ್ಲ ಕಣಮ್ಮ. ಆಮೇಲೆ ಆ ಕೋಣೆಯೊಳಗೆ ಬಿಡ್ತಾರಾ?”

ಪ್ರಯೋಗಾಲಯದ ಪ್ರೊಫೆಸರು ತಡವಾಗಿ ಬಂದರು. ಹೂವಿಟ್ಟು, ಬಾಗಿಲ ಬಳಿ ಬಂದು ಅವಳ ಪಕ್ಕ ನಿಂತರು. ಅವಳ ಪ್ರಬಂಧಕ್ಕೆ ಇನ್ನೂ ನಾಲ್ಕು ತಿಂಗಳ ಅಳತೆ ಬಾಕಿಯಿತ್ತು.

“ಇನ್ನು ಆ ಕನ್ನಡಿಗಳನ್ನ ಬಲ್ಲವಳು ನೀನೊಬ್ಬಳೇ,” ಎಂದರು ಮೆಲ್ಲಗೆ. “ನಾಳೆ ಎಂಟಕ್ಕೆ ಬರ್ತೀಯಲ್ಲ?” ಮುಖ ನೋಡಿ ತಡೆದರು. “ಕಣ್ಣು ಯಾಕೆ ಹಾಗಿದೆ?”

“ಏನಿಲ್ಲ ಸಾರ್. ಅತ್ತಿದ್ದಕ್ಕೆ.” ಕಣ್ಣೊರೆಸಿಕೊಂಡು ಹೇಳಿದಳು: “ಬರ್ತೀನಿ.”

ಅವರು ಅಂಗಳಕ್ಕಿಳಿದರು. ಅವಳು ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕನ್ನಡಿಯಣ್ಣನ ಮುಖವನ್ನೇ ನೋಡಿದಳು. ಹೊದಿಸಿದ ಬಿಳಿ ಬಟ್ಟೆ ಕಂಡಿತು. ಹೂವು ಕಂಡಿತು. ಎದೆಯ ಮೇಲೆ ಜೋಡಿಸಿಟ್ಟ ಕೈಗಳು, ದಿಂಬಿನ ಅಂಚು ಕಂಡವು.

ದಿಂಬಿನ ಮೇಲೆ ಯಾರೂ ಇರಲಿಲ್ಲ.