ಇಬ್ಬರಿಗಾಗುವಷ್ಟು

ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಮುಂದೆ ಹಿಡಿದಿದ್ದ ಇಬ್ಬರು ಆಗಲೇ ಅಂಗಳಕ್ಕೆ ಇಳಿದಿದ್ದರು, ಹಿಂದಿನ ಇಬ್ಬರು ಇನ್ನೂ ಅಡುಗೆಮನೆಯಲ್ಲೇ ಇದ್ದರು, ನಡುವೆ ಪೆಟ್ಟಿಗೆಯೊಳಗಿದ್ದ ಡೆಸ್ಮಂಡ್ ಒಳಗೂ ಅಲ್ಲದೆ ಹೊರಗೂ ಅಲ್ಲದೆ ಹೊಸ್ತಿಲ ಮೇಲೆ ಉಳಿದುಬಿಟ್ಟ.

ಕಲ್ಲಿನ ಹಳೇ ಮನೆ. ಕಟ್ಟಿದವರು ಗಿಡ್ಡ ಜನ, ಬಾಗಿಲೂ ಅವರ ಅಳತೆಯದೇ. ಡೆಸ್ಮಂಡ್ ಆರಡಿ ಮೀರಿದ ಆಳು. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಆಯುಷ್ಯವಿಡೀ ಬಸ್ಸು ಓಡಿಸಿ, ನಿವೃತ್ತನಾದ ಮೇಲೆ ಹೆಂಡತಿ ಬೆರಿಲ್‌ಳನ್ನು ಕರೆದುಕೊಂಡು ಫ್ರಾನ್ಸಿನ ಈ ಹಳ್ಳಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಅಷ್ಟೂ ವರ್ಷ ಈ ಬಾಗಿಲ ಮೇಲುಗಲ್ಲಿಗೆ ಹಣೆ ಚಚ್ಚಿಕೊಂಡಿದ್ದಾನೆ.

"ಸ್ವಲ್ಪ ಓರೆ ಮಾಡ್ರಪ್ಪಾ," ಎಂದ ಹಿಂದೆ ಹಿಡಿದಿದ್ದ ಫೆರ್ನಾಂ. ಪಕ್ಕದ ಹೊಲದವನು, ದನ ಸಾಕಿದವನು, ಡೆಸ್ಮಂಡ್‌ನ ಎದೆಯೆತ್ತರಕ್ಕಷ್ಟೇ ಬರುವ ಮುದುಕ. "ಬದುಕಿದ್ದಾಗ್ಲೂ ಇದೇ ಹಣೇಬರ. ಒಂದೇ ಸಲಕ್ಕೆ ಈ ಬಾಗ್ಲು ದಾಟಿದ ದಿನಾನೇ ಇಲ್ಲ ಈ ಲಂಡನ್ನಿನವ್ನು."

ಲೀಡ್ಸ್ ಬೇರೆ, ಲಂಡನ್ ಬೇರೆ ಎಂದು ಡೆಸ್ಮಂಡ್ ನೂರು ಸಲ ಹೇಳಿದ್ದ. ಫೆರ್ನಾಂ ಕೇಳಿಸಿಕೊಂಡವನಲ್ಲ. ಅಂಗಳದಲ್ಲಿ ಯಾರೋ ನಕ್ಕು, ನಗು ಕೆಮ್ಮಾಗುವಂತೆ ನೋಡಿಕೊಂಡರು. ಪೆಟ್ಟಿಗೆಯನ್ನು ಓರೆ ಮಾಡಿದರು. ಅದು ಕಲ್ಲಿನಡಿ ಜಾರುವಾಗ ಬೆರಿಲ್ ಬಾಯಿಂದ ತಾನಾಗಿಯೇ ಹೊರಟುಬಿಟ್ಟಿತು: "ತಲೆ, ಡೆಸ್."

ತಂಗಿ ಜಾಯ್ಸ್ ಅವಳ ಮೊಣಕೈ ಹಿಡಿದುಕೊಂಡಳು. ಜಾಯ್ಸ್ ಮೂರು ದಿನದ ಹಿಂದೆ ಲೀಡ್ಸಿನಿಂದ ಕಾರಿನಲ್ಲಿ ಬಂದವಳು. ನಾಳೆ ಬೆಳಿಗ್ಗೆ ಹಡಗಿನ ಹೊತ್ತಿಗೆ ಹೊರಡಬೇಕು, ಅಕ್ಕನನ್ನು ಜೊತೆಗೇ ಕರೆದುಕೊಂಡು ಹೋಗಬೇಕೆಂಬುದು ಅವಳ ಹಟ. ಮಂಚದ ಮೇಲೆ ಖಾಲಿ ಸೂಟ್‌ಕೇಸನ್ನು ಆಗಲೇ ತೆರೆದಿಟ್ಟಿದ್ದಳು.

"ಇಲ್ಲಿ ಒಬ್ಳೇ ಇದ್ದು ಏನ್ ಮಾಡ್ತೀಯ ಹೇಳು," ಎಂದಿದ್ದಳು ರಾತ್ರಿ. "ಈ ಊರು ಡೆಸ್‌ದು. ನಿಂದಲ್ಲ. ನೀನೇ ಎಷ್ಟು ಸಲ ಹೇಳಿದೀಯ."

ಹೇಳಿದ್ದು ನಿಜ. ಬೆರಿಲ್ ಇಂದು ಸಂಜೆಯೊಳಗೆ ಉತ್ತರ ಕೊಡುತ್ತೇನೆ ಎಂದಿದ್ದಳು. ಕೊಡುವ ಉತ್ತರ ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

*

ಹೋದವನ ಬಗ್ಗೆ ಸುಳ್ಳು ಹೇಳಬಾರದು. ಡೆಸ್ಮಂಡ್‌ನ ಫ್ರೆಂಚು ಫ್ರೆಂಚೇ ಅಲ್ಲ. ಹಸುವನ್ನು ಹೋರಿ ಎನ್ನುತ್ತಿದ್ದ, ನಾಳೆಯನ್ನು ನಿನ್ನೆ ಎನ್ನುತ್ತಿದ್ದ, ಗೊತ್ತಿಲ್ಲದ ಕಡೆ ಕೈ ಆಡಿಸುತ್ತಿದ್ದ. ಆದರೂ ಬಂದ ಮೊದಲ ತಿಂಗಳಲ್ಲೇ ಇಲ್ಲಿನ ರೂಢಿಯಂತೆ ಊರಿನ ಕೆನ್ನೆಗಳಿಗೆಲ್ಲ ಮುತ್ತಿಟ್ಟು ನಮಸ್ಕಾರ ಹೇಳಿ ಮುಗಿಸಿದ್ದ. ಬೆರಿಲ್ ಲೀಡ್ಸ್ ಬಿಟ್ಟು ಹೊರಡುವ ಎರಡು ವರ್ಷ ಮೊದಲೇ ಸಂಜೆ ತರಗತಿಗೆ ಹೋಗಿ ವ್ಯಾಕರಣ ಅರೆದು ಕುಡಿದವಳು. ತಪ್ಪಾದೀತೆಂಬ ಹೆದರಿಕೆಗೆ ಬಾಯಿ ಬಿಡುತ್ತಿರಲಿಲ್ಲ. ಮುತ್ತಿಡಲು ಬಂದವರಿಗೆ ಕೈ ಮುಂದೆ ಚಾಚುತ್ತಿದ್ದಳು. ಸೊಕ್ಕಿನ ಹೆಂಗಸು ಎಂದು ಊರು ಸ್ವಲ್ಪ ದಿನ ಅಂದುಕೊಂಡಿತು, ಆಮೇಲೆ ಅದನ್ನೂ ಬಿಟ್ಟಿತು.

ಮೊದಲ ಚಳಿಗಾಲದಲ್ಲಿ ಫೆರ್ನಾಂನ ಹೆಂಡತಿ ಇವೆಟ್ ಇಬ್ಬರನ್ನೂ ಊಟಕ್ಕೆ ಕರೆದಳು. ಕೋಸು, ಆಲೂಗಡ್ಡೆ, ಹಂದಿಯ ಕೊಬ್ಬು ಹಾಕಿ ಬೆಳಗಿನಿಂದ ಕುದಿಸಿದ ಸೂಪು. ಬಟ್ಟಲಿನ ತಳದಲ್ಲಿ ಎರಡು ಗುಟುಕು ಉಳಿದಾಗ ಫೆರ್ನಾಂ ಬಾಟಲಿ ಎತ್ತಿ ಅದಕ್ಕೇ ಕೆಂಪು ವೈನು ಸುರಿದು, ಬಟ್ಟಲನ್ನು ಒಮ್ಮೆ ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದ. ಅಪ್ಪ, ಅಜ್ಜ ಎಲ್ಲ ಹೀಗೇ ಕುಡಿದವರು, ಇದಕ್ಕೆ ಶಾಬ್ರೊ ಅಂತಾರೆ, ಇದನ್ನು ಕುಡಿದವನಿಗೆ ವೈದ್ಯ ಬೇಡ ಎಂದ. ಡೆಸ್ಮಂಡ್ ಕಣ್ಣರಳಿಸಿ ತನ್ನ ಬಟ್ಟಲು ಮುಂದೆ ಚಾಚಿದ. ಕುಡಿದು, ಮೀಸೆಯೆಲ್ಲ ನೇರಳೆ ಮಾಡಿಕೊಂಡು ನಕ್ಕ.

ಜಿಡ್ಡು ತೇಲುವ ಆ ಕೆನ್ನೀಲಿ ನೀರನ್ನು ನೋಡಿ ಬೆರಿಲ್ ಮುಖ ಸಿಂಡರಿಸಿದಳು. ಕ್ಷಣದ ಮಾತು. ಹಂದಿಗೆ ಇಡುವ ಕಲಗಚ್ಚು ನೆನಪಾಗಿತ್ತು ಅವಳಿಗೆ. ಇವೆಟ್ ಅದನ್ನು ನೋಡಿದಳು.

ಮುಂದಿನ ಸಲ ಊಟಕ್ಕೆ ಕೂತಾಗ ಸೂಪು ತಳ ಮುಟ್ಟುತ್ತಿದ್ದಂತೆ ಫೆರ್ನಾಂ ಬಟ್ಟಲು, ಬಾಟಲಿ ಹಿಡಿದು ಎದ್ದು ಹಿತ್ತಿಲ ಬಾಗಿಲಾಚೆ ಹೋದ. ಅಲ್ಲೊಂದು ಚಪ್ಪಡಿಯ ಮೆಟ್ಟಿಲಿತ್ತು, ಇಬ್ಬರಿಗಾಗುವಷ್ಟು. ಡೆಸ್ಮಂಡ್ ಹೆಂಡತಿಯ ಮುಖ ನೋಡಿ, ತನ್ನ ಬಟ್ಟಲೆತ್ತಿಕೊಂಡು ಹಿಂದೆಯೇ ಹೋದ. ಅಂದಿನಿಂದ ಅದೇ ರೂಢಿಯಾಯಿತು. ಪ್ರತಿ ಭಾನುವಾರ ಹೆಂಗಸರಿಬ್ಬರು ಒಳಗೆ, ಗಂಡಸರಿಬ್ಬರು ಮೆಟ್ಟಿಲ ಮೇಲೆ. ಹಿಮ ಬಿದ್ದ ದಿನವೂ ಕೋಟು ಹಾಕಿಕೊಂಡು ಅಲ್ಲೇ ಕೂತು ಕುಡಿಯುತ್ತಿದ್ದರು. ಮುಚ್ಚಿದ ಬಾಗಿಲಾಚೆಯಿಂದ ಅವರ ನಗು ಕೇಳುತ್ತಿತ್ತು. ಎದ್ದು ಒಳಬರುವಾಗ ಬೆರಿಲ್ ತಟ್ಟೆಯಿಂದ ಕಣ್ಣೆತ್ತದೆ "ತಲೆ" ಎನ್ನುತ್ತಿದ್ದಳು, ಡೆಸ್ಮಂಡ್ ಬಾಗುತ್ತಿದ್ದ ಅಥವಾ ಹಣೆ ಚಚ್ಚಿಕೊಳ್ಳುತ್ತಿದ್ದ.

ಇಲ್ಲೇ ಕೂತು ಕುಡಿಯಿರಿ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅದನ್ನು ಹೇಳಲು ಬೇಕಾದ ಫ್ರೆಂಚು ಅವಳಿಗೆ ಮೊದಲ ದಿನವೇ ಬರುತ್ತಿತ್ತು.

*

ಶವದ ಗಾಡಿ ಇಗರ್ಜಿಯ ದಾರಿ ಹಿಡಿದಾಗ ಊರ ಬಾಗಿಲಿನ ದೊಡ್ಡ ಮರದಡಿ ನಾಲ್ಕು ಮುದುಕಿಯರು ಕೈಚೀಲ ಹಿಡಿದು ಸಾಲಾಗಿ ನಿಂತಿದ್ದರು. ಗುರುವಾರದ ಸಂತೆಗೆ ಅವರನ್ನು ತನ್ನ ವ್ಯಾನಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನು ಡೆಸ್ಮಂಡ್. ಬಸ್ಸು ಓಡಿಸಿದ ಕೈ, ಸುಮ್ಮನಿರಲಿಲ್ಲ. ಒಬ್ಬೊಬ್ಬಳಿಗೂ ಅವಳದೇ ಸೀಟು, ತಡವಾಗಿ ಬಂದವಳಿಗೆ ಬೈಗುಳ, ಇಳಿಯುವಾಗ ಕೈಯಾಸರೆ. ಇಂದು ಅವರು ಇಗರ್ಜಿಗೆ ಮೊದಲೇ ಹೋಗಿ ಕೂರದೆ ತಮ್ಮ ನಿಲ್ದಾಣದಲ್ಲೇ ಕಾದಿದ್ದರು.

"ನಿಲ್ಸು," ಎಂದ ಫೆರ್ನಾಂ, ಚಾಲಕನ ಪಕ್ಕ ಕೂತವನು.

ಗಾಡಿ ನಿಂತಿತು. ಎಲ್ಲರಿಗಿಂತ ಹಿರಿಯಳಾದ ಲಿಯೊಂತಿನ್ ಮುಂದೆ ಬಂದು ಗಾಜಿನ ಮೇಲೆ ಅಂಗೈ ಇಟ್ಟಳು. "ಇವತ್ತು ನೀನೇ ಲೇಟು," ಎಂದಳು ಒಳಗಿದ್ದವನಿಗೆ. ನಂತರ ನಾಲ್ವರೂ ಗಾಡಿಯ ಹಿಂದೆ ನಡೆದರು, ಗಾಡಿ ಅವರ ಕಾಲಿನ ವೇಗಕ್ಕೆ ಹೋಯಿತು.

ಹಿಂದಿನ ಕಾರಿನಲ್ಲಿದ್ದ ಜಾಯ್ಸ್, ಯಾರು ಇವರೆಲ್ಲ ಎಂದು ಕೇಳಿದಳು. ಅವನ ಪ್ರಯಾಣಿಕರು ಎಂದಳು ಬೆರಿಲ್. ಅವರ ಹೆಸರುಗಳು, ಅವರ ಮಂಡಿನೋವು, ಯಾರ ಮಗಳಿಗೆ ಯಾವಾಗ ಹೆರಿಗೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಗುರುವಾರದ ರಾತ್ರಿಯೂಟಕ್ಕೆ ಡೆಸ್ಮಂಡ್ ಒಂದೊಂದಾಗಿ ಹೇಳುತ್ತಿದ್ದ. ಅವರಲ್ಲಿ ಒಬ್ಬಳೊಂದಿಗೂ ಅವಳು ಹವಾಮಾನದಾಚೆಗೆ ಮಾತಾಡಿರಲಿಲ್ಲ.

*

ಅವನು ಹೋದದ್ದು ಮಂಗಳವಾರ, ಚೆರ್ರಿ ಮರದ ಕೆಳಗೆ. ಬೆಳಿಗ್ಗೆ ಬ್ರೆಡ್ಡಿನ ವ್ಯಾನು ಹಾರನ್ ಹೊಡೆದಾಗ ಎಂದಿನಂತೆ ಓಡಿ, ತರುವ ದಾರಿಯಲ್ಲೇ ಬ್ರೆಡ್ಡಿನ ತುದಿ ಮುರಿದು ತಿಂದು, ಎಂದಿನಂತೆ ಬೈಸಿಕೊಂಡಿದ್ದ. ಮಧ್ಯಾಹ್ನ ಅವರೆ ಸಾಲಿಗೆ ಕೋಲು ನೆಟ್ಟು, ಕುರ್ಚಿಯಲ್ಲಿ ಕೂತು ಟೋಪಿ ಕಣ್ಣಿಗೆ ಎಳೆದುಕೊಂಡ. ನಾಲ್ಕಕ್ಕೆ ಚಹಾ ಆಗಬೇಕು. ಊರು ಬಿಟ್ಟರೂ ಅದೊಂದನ್ನು ಇಬ್ಬರೂ ಬಿಟ್ಟಿರಲಿಲ್ಲ. ಬೆರಿಲ್ ತಟ್ಟೆ ತಂದಿಟ್ಟು, ಆರಿಹೋಗುತ್ತೆ ಏಳು ಎಂದಳು. ತನ್ನದು ಕುಡಿದಳು. ಮೇಲೆ ಹೂವಿನಲ್ಲಿ ಜೇನುಹುಳ ಗುಂಯ್ ಅನ್ನುತ್ತಿದ್ದವು. ರಾತ್ರಿ ಹೊತ್ತು ರೇಡಿಯೋ ಕೇಳ್ತಾ ಕೂತ್ರೆ ಹೀಗೇ ಆಗೋದು ಎಂದು ಬೈದಳು. ನಿನ್ನ ಬಿಸ್ಕತ್ತು ನಾನೇ ತಿಂತೀನಿ ಎಂದಳು, ತಿಂದಳು. ಗಾಳಿ ತಣ್ಣಗೆ ಬೀಸಿದಾಗ ಒಳಗಿನಿಂದ ಸ್ವೆಟರ್ ತಂದು ಹೊದಿಸಲು ಹೋಗಿ, ಕೈ ತಗುಲಿದಾಗ ತಿಳಿಯಿತು.

ಅಷ್ಟು ಹೊತ್ತು ಮಾತಾಡಿದ್ದೆಲ್ಲ ಯಾರೊಂದಿಗೆ ಎಂಬುದು ಅವಳಿಗೆ ಈಗಲೂ ತಿಳಿಯುತ್ತಿಲ್ಲ. ಬಿಸ್ಕತ್ತಿನ ಡಬ್ಬಿಯನ್ನು ಅವಳು ಮತ್ತೆ ತೆರೆದಿಲ್ಲ.

*

ಪಾದ್ರಿಗೆ ಸುತ್ತಲ ಹಳ್ಳಿಗಳೆಲ್ಲ ಸೇರಿ ಪುರುಸೊತ್ತಿಲ್ಲ. ಪ್ರಾರ್ಥನೆಯನ್ನು ನಿವೃತ್ತ ಶಾಲಾ ಮೇಡಂ ಓದಿ ಮುಗಿಸಿದರು. ಸ್ಮಶಾನ ಇಗರ್ಜಿಯ ಹಿಂದೆಯೇ ಇತ್ತು. ಹಗ್ಗದಲ್ಲಿ ಪೆಟ್ಟಿಗೆಯನ್ನು ಇಳಿಸಿದರು. ಇಳಿಯಿತು, ಮತ್ತೂ ಇಳಿಯಿತು. ಬೆರಿಲ್ ಅಂಚಿಗೆ ಬಂದು ಬಗ್ಗಿ ನೋಡಿದಳು. ಪೆಟ್ಟಿಗೆ ಬಾವಿಯ ತಳದಲ್ಲಿ ಇದ್ದ ಹಾಗಿತ್ತು.

ಜಾಯ್ಸ್‌ಗೂ ಕಂಡಿತು. "ಇಷ್ಟು ಆಳ ಯಾಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಭಾಷೆ ಬಾರದಿದ್ದರೂ ಬೆರಳು ತೋರಿಸಿದ ಕಡೆಯಿಂದ ಫೆರ್ನಾಂಗೆ ಅರ್ಥವಾಯಿತು.

"ಇಬ್ಬರ ಆಳ," ಎಂದ ಬೆರಿಲ್ ಕಡೆ ತಿರುಗಿ. "ನಾನೇ ಹೇಳಿದ್ದು. ಕೆಳಗೆ ಅವ್ನು, ಮೇಲೆ ನಿಮ್ಮ ಜಾಗ. ನಮ್ಮಲ್ಲಿ ಗಂಡ ಹೆಂಡ್ತಿಗೆ ಬೇರೆ ಬೇರೆ ಅಗೆಯಲ್ಲ ಮದಾಮ್."

ಬೆರಿಲ್ ಅಂಚಿನಿಂದ ಹಿಂದೆ ಸರಿದಳು. ನಾಳೆ ಹೊರಡುವವಳು ತಾನು. ಸೂಟ್‌ಕೇಸು ಬಾಯಿ ತೆರೆದು ಕೂತಿದೆ. ಇಲ್ಲಿ ಇವನು ತನ್ನನ್ನು ಕೇಳದೆ ತನ್ನ ಗುಂಡಿ ತೋಡಿಸಿದ್ದಾನೆ.

"ನನ್ನನ್ನು ಯಾರೂ ಕೇಳಲಿಲ್ಲವಲ್ಲ," ಎಂದಳು. ಒಂದಕ್ಷರ ತಪ್ಪಿಲ್ಲದ, ಪುಸ್ತಕದ ಫ್ರೆಂಚಿನಲ್ಲಿ. ಜನ ತಿರುಗಿ ನೋಡಿದರು. ಎಷ್ಟೋ ಮಂದಿ ಅವಳ ದನಿಯನ್ನು ಸರಿಯಾಗಿ ಕೇಳಿದ್ದೇ ಆಗ.

ಫೆರ್ನಾಂ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಕೇಳ್ಬೇಕು ಅಂತ ಹೊಳೀಲೇ ಇಲ್ಲ," ಎಂದ. "ನೀವು ಊರವರಲ್ವಾ, ಊರವರನ್ನ ಯಾರು ಕೇಳ್ತಾರೆ?"

ವಿದಾಯ ಹೇಳುವವರ ಸಾಲು ಶುರುವಾಯಿತು. ಒಬ್ಬೊಬ್ಬರೇ ಎಲೆಯಿದ್ದ ಕಡ್ಡಿಯನ್ನು ಪವಿತ್ರ ನೀರಿಗೆ ಅದ್ದಿ ಗುಂಡಿಯ ಮೇಲೆ ಚಿಮುಕಿಸಿ, ಅವಳ ಹತ್ತಿರ ಬಂದು ಎರಡೂ ಕೆನ್ನೆಗೆ ಮುತ್ತಿಟ್ಟರು. ಬೆರಿಲ್ ಮೊದಲಿಬ್ಬರಿಗೆ ಅಭ್ಯಾಸಬಲದಿಂದ ಕೈ ಚಾಚಿದಳು. ಅವರು ಆ ಕೈಯನ್ನೂ ಹಿಡಿದುಕೊಂಡು ಮುತ್ತಿಟ್ಟರು. ಆಮೇಲೆ ಅವಳು ಕೈ ಚಾಚಲಿಲ್ಲ. ಸೋಪಿನ ವಾಸನೆ, ಹಟ್ಟಿಯ ವಾಸನೆ, ತಂಬಾಕಿನ ವಾಸನೆಯ ಕೆನ್ನೆಗಳು ಬಂದವು, ಹೋದವು. ಕೊನೆಗೆ ಅವಳ ಕೆನ್ನೆ ಒದ್ದೆಯಾಗಿತ್ತು, ಅದರಲ್ಲಿ ಅವಳದೆಷ್ಟು ಅವರದೆಷ್ಟು ಎಂದು ಹೇಳುವಂತಿರಲಿಲ್ಲ.

*

ಊಟ ಇವೆಟ್‌ಳ ಮನೆಯಲ್ಲಿ. ಅದೇ ಕೋಸಿನ ಸೂಪು. ಹತ್ತಿರದವರಷ್ಟೇ ಉಳಿದಿದ್ದರು. ಇವೆಟ್ ಗಂಡನನ್ನು ಮೂಲೆಗೆ ಕರೆದು ಆಳದ ವಿಚಾರಕ್ಕೆ ಬೈದದ್ದು ಎಲ್ಲರಿಗೂ ಕೇಳಿಸಿತ್ತು. ಆಮೇಲೆ ಬೆರಿಲ್ ಮುಂದೆ ಬಂದು ನಿಂತು, "ಅವ್ನಿಗೆ ಬುದ್ಧಿ ಕಮ್ಮಿ. ನೀವು ಮನಸ್ಸಿಗೆ ಹಚ್ಕೋಬೇಡಿ," ಎಂದಳು. ಬೆರಿಲ್ ತಲೆಯಾಡಿಸಿದಳು.

ಜಾಯ್ಸ್ ಪಕ್ಕದಲ್ಲಿ ಮೆಲ್ಲಗೆ, ಏಳಕ್ಕೆ ಹೊರಟರೆ ಆದೀತು, ಬಟ್ಟೆ ತಾನೇ ಜೋಡಿಸುತ್ತೇನೆ ಎನ್ನುತ್ತಿದ್ದಳು.

ಫೆರ್ನಾಂನ ಬಟ್ಟಲು ತಳ ಮುಟ್ಟಿತು. ಅವನು ಬಟ್ಟಲು ಹಿಡಿದು ಎದ್ದು ಹಿತ್ತಿಲ ಕಡೆ ನಡೆದ. ಬಾಗಿಲ ಬಳಿ ನಿಂತು ಒಮ್ಮೆ ಹಿಂದಿರುಗಿ ನೋಡಿದ, ಹಿಂದೆ ಬರುವವನಿಗಾಗಿ. ನೋಡಿದ ಮೇಲೆ ನೆನಪಾಗಿರಬೇಕು. ಬಾಟಲಿಯನ್ನು ಮೇಜಿನ ಮೇಲೇ ಮರೆತು, ಬಾಗಿಲು ಮುಚ್ಚಿಕೊಂಡು ಹೋದ. ಬೆರಿಲ್ ಕಿಟಕಿಯಿಂದ ನೋಡಿದಳು: ಮುದುಕ ಮೆಟ್ಟಿಲಿನ ಒಂದು ತುದಿಗೆ ಕೂತಿದ್ದ. ಉಳಿದರ್ಧ ಹಾಗೇ ಬಿಟ್ಟಿದ್ದ. ಬಟ್ಟಲು ಮಂಡಿಯ ಮೇಲಿತ್ತು, ಕುಡಿಯುತ್ತಿರಲಿಲ್ಲ.

ಬೆರಿಲ್ ಎದ್ದಳು.

"ಎಲ್ಲಿಗೆ?" ಎಂದಳು ಜಾಯ್ಸ್.

ಬೆರಿಲ್ ಒಂದು ಕೈಯಲ್ಲಿ ತನ್ನ ಬಟ್ಟಲು, ಇನ್ನೊಂದರಲ್ಲಿ ಬಾಟಲಿ ಹಿಡಿದು ಮೊಣಕೈಯಿಂದ ಬಾಗಿಲು ತಳ್ಳಿದಳು. ಮೆಟ್ಟಿಲ ಮೇಲೆ, ಬಿಟ್ಟಿದ್ದ ಅರ್ಧದಲ್ಲಿ ಕೂತಳು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಎದುರಿಗೆ ಹೊಲದಾಚೆ ತನ್ನ ಮನೆ, ಚೆರ್ರಿ ಮರ, ಮರದಡಿ ಇನ್ನೂ ಒಳಗಿಡದ ಎರಡು ಕುರ್ಚಿ. ಇಷ್ಟು ವರ್ಷ ಡೆಸ್ಮಂಡ್ ಇಲ್ಲಿ ಕೂತು ನೋಡುತ್ತಿದ್ದದ್ದು ತಮ್ಮ ಮನೆಯನ್ನೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಫೆರ್ನಾಂನ ಬಟ್ಟಲಿಗೆ ಸುರಿದಳು. ತನ್ನದಕ್ಕೂ ಸುರಿದುಕೊಂಡಳು. ಅಂಚಿನವರೆಗೆ ತುಂಬಿತು. ಜಿಡ್ಡು ಮೇಲೆ ತೇಲಿತು. ಬಟ್ಟಲು ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ ಕುಡಿದಳು. ಗದ್ದದಿಂದ ಕಪ್ಪು ಬಟ್ಟೆಯ ಮೇಲೆ ಸುರಿಯಿತು, ಕೆಮ್ಮು ಬಂತು, ಅಳು ಬಂತು. ಅವಳು ಬಟ್ಟಲು ಇಳಿಸದೆ ಪೂರ್ತಿ ಕುಡಿದಳು.

"ಜಾಸ್ತಿ ಹಾಕ್ಕೊಂಡ್ರಿ," ಎಂದ ಫೆರ್ನಾಂ, ಅವಳ ಕಡೆ ನೋಡದೆ. "ಅವ್ನೂ ಹಾಗೇ. ಅಳತೇನೇ ಗೊತ್ತಿರ್ಲಿಲ್ಲ." ಆಮೇಲೆ ತನ್ನದನ್ನು ಕುಡಿದ, ಮೂಗನ್ನು ತೋಳಿಗೆ ಒರೆಸಿಕೊಂಡ.

ಬೆರಿಲ್ ಖಾಲಿ ಬಟ್ಟಲನ್ನು ಪಕ್ಕದಲ್ಲಿಟ್ಟಳು.

"ಆಳ ಸರಿಯಾಗಿಯೇ ಇದೆ," ಎಂದಳು ಬೆರಿಲ್.

ಫೆರ್ನಾಂ ಹೂಂ ಎಂದ.

ಒಳಗಿನಿಂದ ಇವೆಟ್ ಕೂಗಿದಳು, "ಬಾ ಬೆರಿಲ್, ಚೀಸು ಇಟ್ಟಿದೀನಿ." ಫೆರ್ನಾಂ ಮಂಡಿ ಹಿಡಿದುಕೊಂಡು ಎದ್ದು ಬಾಗಿಲಿಗೆ ಹೊರಟ. ಬೆರಿಲ್ ಕಣ್ಣು ಹೊಲದ ಮೇಲೇ ಇತ್ತು.

"ತಲೆ," ಎಂದಳು.

ಮೇಲುಗಲ್ಲು ಅವನ ನೆತ್ತಿಗಿಂತ ಗೇಣು ಮೇಲಿತ್ತು. ಫೆರ್ನಾಂ ಹೊಸ್ತಿಲಲ್ಲಿ ನಿಂತು, ಟೋಪಿ ತೆಗೆದು, ತಲೆ ಚೆನ್ನಾಗಿ ಬಗ್ಗಿಸಿ ಒಳಗೆ ಹೋದ.