ತಾಮ್ರ ಹಳಸುವುದಿಲ್ಲ

"ಇಷ್ಟು ತೆಳ್ಳಗೆ ಯಾಕೆ ಲಟ್ಟಿಸ್ತೀಯೇ? ಸಾಹುಕಾರ್ರ ಮನೆ ಹಿಟ್ಟು, ಬೆರಳಿಗೆ ಸಿಗ್ಬೇಕು," ಎಂದಳು ಝೈನೆಪ್.

ಕುಲ್ಯಾಷ್ ಲಟ್ಟಣಿಗೆ ನಿಲ್ಲಿಸಲಿಲ್ಲ. "ತೆಳ್ಳಗಿದ್ರೆ ಹಲ್ಲಿಲ್ದೋರೂ ತಿಂತಾರೆ. ಬರೋರಲ್ಲಿ ಯಾರಿಗಿದೆ ಹಲ್ಲು?"

"ನಿನ್ನ ಗಂಡನಿಗಿದೆಯಲ್ಲ. ಕುದುರೆ ಹಲ್ಲು."

ಇಬ್ಬರೂ ನಕ್ಕರು. ಕುಲ್ಯಾಷ್ ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಎಡದವಡೆ ಬೋಳಾಗಿ ಬಹಳ ವರ್ಷವಾಗಿತ್ತು; ಅಂದಿನಿಂದ ಅಂಟಿಕೊಂಡ ಅಭ್ಯಾಸ ಅದು. ಅಂಗೈಯ ಹಿಟ್ಟು ಕೆನ್ನೆಗೆ ಮೆತ್ತಿಕೊಂಡಿತು.

ಕಿಟಕಿಯಾಚೆ, ನಾಲ್ಕು ಮನೆಗಳಿಗೆ ಸೇರಿದ ಅಂಗಳದಲ್ಲಿ, ದೊಡ್ಡ ಹಂಡೆಯಲ್ಲಿ ಕುದುರೆ ಮಾಂಸ ಬೇಯುತ್ತಿತ್ತು. ಹಂಡೆಯ ಪಕ್ಕ ಕುಲ್ಯಾಷಳ ಗಂಡ ಟೊಕ್ತಾರ್, ಮದುವೆ ಕಾಲದ ಕಪ್ಪು ಕೋಟು ತೊಟ್ಟು, ಬಂದವರಿಗೆಲ್ಲ ಎರಡೂ ಕೈಯಿಂದ ಕೈಕುಲುಕುತ್ತಿದ್ದ. ಅವನ ಕೈಯಿಂದ ಒಂದು ಇಡೀ ಕುದುರೆಯ ಖರ್ಚು ಹುಟ್ಟೀತೆಂದು ಮಿಸ್ತೌ ಊರಿನಲ್ಲಿ ಯಾರೂ ನಂಬಿರಲಿಲ್ಲ. ಅದನ್ನು ಕಣ್ಣಾರೆ ನೋಡುವುದಕ್ಕೆಂದೇ ಅರ್ಧ ಜನ ಬಂದಿದ್ದರು.

ಊರಿನ ತಾಮ್ರದ ಕಾರ್ಖಾನೆಯನ್ನು ಆ ಬೇಸಗೆಯಲ್ಲಿ ಹೊರದೇಶದ ಒಂದು ಕಂಪನಿ ಕೊಂಡುಕೊಂಡಿತ್ತು. ಚಿಲ್ಲರೆ ಷೇರುದಾರರೆಲ್ಲ ತಮ್ಮ ಷೇರುಗಳನ್ನು ಅವರು ಹೇಳಿದ ಬೆಲೆಗೆ ಒಪ್ಪಿಸಲೇಬೇಕು ಎಂದಾಯಿತು. ಚಿಲ್ಲರೆ ಷೇರುದಾರನೆಂದು ಊರಿನಲ್ಲಿ ಉಳಿದಿದ್ದವನು ಟೊಕ್ತಾರ್ ಒಬ್ಬನೇ. ಬ್ಯಾಂಕಿನಿಂದ ಫೋನು ಬಂದ ದಿನ ಅವನು ಅಂಗಳದ ಬೆಂಚಿನ ಮೇಲೆ ಸಂಜೆಯವರೆಗೆ ಕೂತೇ ಇದ್ದ. ಊಟಕ್ಕೆ ಕರೆದರೂ ಬರಲಿಲ್ಲ. ಮಗು ಸತ್ತವನ ಹಾಗೆ ಕೂತಿದ್ದಾನಲ್ಲ ಎಂದು ಕುಲ್ಯಾಷಳಿಗೆ ಅನಿಸಿತ್ತು.

ಹಿಂದೆ, ಸೋವಿಯತ್ ಕಾಲ ಮುಗಿದು ಕಾರ್ಖಾನೆ ಖಾಸಗಿಯಾದಾಗ, ಕೆಲಸಗಾರರಿಗೆಲ್ಲ ಷೇರು ಹಂಚಿದ್ದರು. ಅದೇ ಚಳಿಗಾಲ ಸಂಬಳ ನಿಂತಿತು. ಸಂಬಳದ ಬದಲು ಒಂದು ತಿಂಗಳು ರಬ್ಬರ್ ಬೂಟು ಕೊಟ್ಟರು, ಇನ್ನೊಂದು ತಿಂಗಳು ಬೋಗುಣಿ. ಚರ್ಮದ ಕೋಟು ತೊಟ್ಟ ಗಂಡಸರು ಅಲ್ಮಾಟಿ ನಗರದಿಂದ ಲಾರಿಯಲ್ಲಿ ಬಂದು ಗೇಟಿನ ಮುಂದೆ ನಿಂತರು. ಷೇರು ಕೊಟ್ಟವರಿಗೆ ಹಿಟ್ಟು, ಸಕ್ಕರೆ. ಕುಲುಮೆಯ ಮುಂದೆ ಬದುಕು ಸವೆಸಿದವರು ಹಿಮದಲ್ಲಿ ಸಾಲು ನಿಂತು ಮೂಟೆ ಹೊತ್ತುಕೊಂಡು ಹೋದರು. ಕ್ರೇನ್ ನಡೆಸುತ್ತಿದ್ದ ಟೊಕ್ತಾರ್ ಮಾತ್ರ ಸಾಲಿನಲ್ಲಿ ನಿಲ್ಲಲಿಲ್ಲ. ಮನೆಯ ಹಸು ಮಾರಿದ. ಕುಲ್ಯಾಷಳ ತಾಯಿ ಕೊಟ್ಟಿದ್ದ ಬೆಳ್ಳಿಯ ಕಡಗ ಮಾರಿದ. ಆ ದುಡ್ಡಿನಲ್ಲಿ ತಾನೂ ಹಿಟ್ಟು ತಂದ. ಸಾಲಿನಲ್ಲಿದ್ದ ಗೆಳೆಯ ಅನುವಾರನ ತೋಳು ಹಿಡಿದು ಪಕ್ಕಕ್ಕೆಳೆದು, "ಅವರಿಗ್ಯಾಕೆ ಕೊಡ್ತೀಯೋ? ನಂಗೆ ಕೊಡು. ಅವರಿಗಿಂತ ಒಂದು ಮೂಟೆ ಹೆಚ್ಚಿಗೆ ಕೊಡ್ತೀನಿ," ಎಂದ. ಕೊಟ್ಟ ಕೂಡ. ಆಮೇಲೆ ಒರಾಜನ ಹತ್ತಿರ, ಇನ್ನೂ ಹಲವರ ಹತ್ತಿರ ಹಾಗೆಯೇ ಕೊಂಡ. ಒಬ್ಬರಿಗೂ ತೂಕದಲ್ಲಿ ಮೋಸ ಮಾಡಲಿಲ್ಲ.

"ಹಿಟ್ಟು ತಿಂದ್ರೆ ಮುಗೀತು. ತಾಮ್ರ ಹಳಸೋ ಪದಾರ್ಥ ಅಲ್ಲ," ಎನ್ನುತ್ತಿದ್ದ ಹೆಂಡತಿಗೆ.

ಅನುವಾರ್ ಝೈನೆಪಳ ಗಂಡ. ಕುಲುಮೆಯ ಹೊಗೆ ಕುಡಿದ ಎದೆ ಅವನನ್ನು ಮುದುಕನಾಗುವ ತನಕ ಉಳಿಸಲಿಲ್ಲ.

ಅಂಗಳದಲ್ಲಿ ಊಟದ ಹಾಸುಬಟ್ಟೆ ದಸ್ತರ್‌ಖಾನ್ ಹಾಸಿ ತಟ್ಟೆಗಳನ್ನಿಟ್ಟರು. ಹಿರಿಯ ಅತಿಥಿಗೆಂದು ಕುರಿಯ ತಲೆಯನ್ನು ಒರಾಜನ ಮುಂದೆ ಇಟ್ಟಾಯಿತು. ಒರಾಜ್ ಕಿವಿ ಕೊಯ್ದು ಪಕ್ಕದವನಿಗೆ ಕೊಟ್ಟ, ಆಮೇಲೆ ಕುದುರೆ ಮಾಂಸದ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಟೊಕ್ತಾರ್, ಇದ್ಯಾವ ಭಾಗದ್ದಪ್ಪ?"

"ಪಕ್ಕೆಲುಬಿಂದು."

"ಅಲ್ಲ ಕಣೋ. ಇದು ನನ್ನ ಷೇರು. ಗುರುತು ಸಿಕ್ತು. ಇಪ್ಪತ್ತೈದು ವರ್ಷದಲ್ಲಿ ಎಷ್ಟು ಕೊಬ್ಬಿದೆ ನೋಡು!"

ಅಂಗಳವೆಲ್ಲ ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ಶುರುಮಾಡಿದರು. "ನಂದು ನಿನ್ನ ತಟ್ಟೇಲಿದೆ, ಮುಟ್ಬೇಡ," ಎಂದನೊಬ್ಬ. "ನನ್ನ ಷೇರು ಅವತ್ತೇ ಬ್ರೆಡ್ಡಾಗಿ ಹೊಟ್ಟೆ ಸೇರ್ತು, ಬೆಳಗಾಗೋದ್ರಲ್ಲಿ ಹೊರಗೂ ಹೋಯ್ತು," ಎಂದ ಇನ್ನೊಬ್ಬ. ಟೊಕ್ತಾರನೂ ನಗುತ್ತಿದ್ದ. ನಗು ಅವನ ಮುಖದ ಮೇಲೆ ಸ್ವಲ್ಪ ಹೆಚ್ಚು ಹೊತ್ತೇ ಉಳಿಯಿತು, ತೆಗೆಯಲು ಮರೆತವನ ಹಾಗೆ. ಕೊನೆಗೆ ಅವನು ಎದ್ದು ನಿಂತ.

"ನಾನು ಯಾರಿಗಾದ್ರೂ ಮೋಸ ಮಾಡಿದ್ನಾ? ಇದ್ರೆ ಇಲ್ಲೇ ಹೇಳಿ."

ಚಹಾ ಬಗ್ಗಿಸುತ್ತಿದ್ದ ಝೈನೆಪ್ ಹೂಜಿ ಕೆಳಗಿಟ್ಟಳು.

"ಮೋಸ ಮಾಡಿದ್ರೆ ಎಷ್ಟೋ ವಾಸಿ ಇತ್ತಪ್ಪ. ಬೈಯೋಕಾದ್ರೂ ಒಂದು ದಾರಿ ಇರ್ತಿತ್ತು."

ಟೊಕ್ತಾರನ ಕಿವಿ ಕೆಂಪಾಯಿತು. ಅವನು ಟೊಪ್ಪಿ ತೆಗೆದ, ಮತ್ತೆ ಹಾಕಿಕೊಂಡ. ಎಲ್ಲರಿಗೂ ಕೇಳುವ ಹಾಗೆ, "ಅನುವಾರನ ಸಮಾಧಿಗೆ ಕಲ್ಲು ಹಾಕಿಸ್ತೀನಿ," ಎಂದ. "ಕಪ್ಪು ಕಲ್ಲು. ಕರಗಂಡ ಪಟ್ಟಣದಿಂದ ತರಿಸ್ತೀನಿ. ಕರಗಂಡದಲ್ಲೇ ಮನೆ ತಗೋತೀನಿ, ಮಗಳು ಮರ್ಝಾನ್ ಹೆಸರಿಗೆ. ನಾವೂ ಅವಳ ಜೊತೆ ಇರ್ತೀವಿ. ನನ್ನ ಹೆಂಡ್ತಿ ಇನ್ಮೇಲೆ ಕಲ್ಲಿದ್ದಲ ಬಕೆಟ್ಟು ಎತ್ತೋದು ಬೇಡ."

ಜನ ಒಳ್ಳೆಯದಾಗಲೆಂದು ಅಂಗೈಯಿಂದ ಮುಖ ಸವರಿಕೊಂಡರು. ಝೈನೆಪ್ ಹೂಜಿ ಎತ್ತಿಕೊಂಡು ಮುಂದಿನವರ ಬಟ್ಟಲಿಗೆ ಚಹಾ ಬಗ್ಗಿಸಿದಳು. ಕುಲ್ಯಾಷ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಗಳಿಗೆ ಫೋನು ಮಾಡಿದಳು.

ಆ ಕಡೆ ಮರ್ಝಾನ್ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಕರಗಂಡದ ಒಂದು ಆಸ್ಪತ್ರೆಯಲ್ಲಿ ಆಯಾ. ಒಂದು ಕಾಲಕ್ಕೆ ಡಾಕ್ಟರಿಗೆ ಓದಲು ಅವಳಿಗೆ ಸೀಟು ಸಿಕ್ಕಿತ್ತು, ಶುಲ್ಕ ಕಟ್ಟಬೇಕಿತ್ತು. ಕೆಲವೇ ಷೇರು ಮಾರಿದ್ದರೆ ಸಾಕಿತ್ತು. ಟೊಕ್ತಾರ್ ಆಗ, "ಬೆಲೆ ಈಗ ತಾನೇ ಏರ್ತಾ ಇದೆ ಮಗಳೇ, ಎರಡು ವರ್ಷ ತಾಳು," ಎಂದಿದ್ದ. ಸೀಟು ತಾಳಲಿಲ್ಲ. ಅವಳು ಗಡಿ ದಾಟಿ ಓಮ್ಸ್ಕ್‌ಗೆ ಹೋಗಿ, ಅಲ್ಲಿಯ ಮಾರುಕಟ್ಟೆಯಲ್ಲಿ ಹಿಮದಲ್ಲಿ ನಿಂತು ಮೀನು ಮಾರಿದಳು, ಪೆಟ್ಟಿಗೆ ಹೊತ್ತಳು. ಅಲ್ಲೇ ಬಸಿರು ಜಾರಿತು. ಮತ್ತೆ ನಿಲ್ಲಲಿಲ್ಲ. ಗಂಡನೂ ನಿಲ್ಲಲಿಲ್ಲ.

"ಅಮ್ಮಾ," ಎಂದಳು ಮರ್ಝಾನ್, "ಬೀಗದ ಕೈ ಕೈಗೆ ಬರೋ ತನಕ ಪರದೆ ಹೊಲಿಬೇಡ."

"ಎಲ್ರ ಮುಂದೆ ಹೇಳಿದ್ದಾರೆ ಕಣೇ."

"ಹೇಳ್ಲಿ. ಅಪ್ಪ ಬರ್ಲಿ, ರಜೆ ಹಾಕಿ ಜೊತೆಗೆ ಹೋಗ್ತೀನಿ. ಕೊಟ್ರೆ ತಗೋತೀನಿ. ಬೇಡ ಅನ್ನೋಷ್ಟು ದೊಡ್ಡಸ್ತಿಕೆ ನಂಗಿಲ್ಲ."

ಮೊದಲ ಹಿಮ ಬೀಳುವ ಮುಂಚೆ ಟೊಕ್ತಾರ್ ರೈಲು ಹತ್ತಿದ. ಕುಲ್ಯಾಷ್ ದಾರಿಗೆ ಹಿಟ್ಟಿನ ಉಂಡೆ ಬೌರ್ಸಾಕ್ ಕರಿದು ಕಟ್ಟಿಕೊಟ್ಟಳು. ಬಾಗಿಲಲ್ಲಿ ನಿಂತು, "ಕಿಟಕಿ ಯಾವ ಕಡೆಗಿದೆ ಅಂತ ನೋಡ್ಕೊಂಡು ಬನ್ನಿ. ಬೆಳಗಿನ ಬಿಸಿಲು ಬರ್ಬೇಕು," ಎಂದಳು. ಅವನು ಹೂಂ ಎಂದ. ಅವನು ಹೋದ ಮೇಲೆ ಅವಳು ಪೆಟ್ಟಿಗೆ ತೆಗೆದು ಯಾವುದು ಒಯ್ಯುವುದು, ಯಾವುದು ಬಿಡುವುದು ಎಂದು ಬೇರೆಬೇರೆ ಗುಡ್ಡೆ ಹಾಕಿದಳು. ಒಯ್ಯುವ ಗುಡ್ಡೆ ಬಹಳ ಚಿಕ್ಕದಾಗಿತ್ತು. ಅದನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ಮಗಳ ಮನೆಗೆ ಇಷ್ಟನ್ನೇ ಹೊತ್ತುಕೊಂಡು ಹೋಗುವುದೇ? ಪಕ್ಕದ ಮನೆಯಿಂದ ಬಂದ ಝೈನೆಪ್ ಗುಡ್ಡೆಗಳನ್ನು ಕಾಲಿನಿಂದ ತಳ್ಳಿ ನೋಡಿ, "ಹಳೇ ಕಂಬಳಿ ನಂಗಿರ್ಲಿ. ನೀನು ಪಟ್ಟಣದೋಳು, ನಿಂಗ್ಯಾಕೆ?" ಎಂದಳು. ಸಮಾಧಿ ಕಲ್ಲಿನ ವಿಷಯ ಅವಳು ಎತ್ತಲಿಲ್ಲ. ಆದರೆ ಹೋಗುವಾಗ, ತನಗೇ ಹೇಳಿಕೊಂಡಂತೆ, "ಕಪ್ಪು ಕಲ್ಲು ಬಿಸಿಲಿಗೆ ಕಾಯುತ್ತೆ. ಅವರಿಗೆ ಸೆಕೆ ತಡಿಯೋಕೆ ಆಗ್ತಿರ್ಲಿಲ್ಲ," ಎಂದಳು.

ಎರಡು ದಿನದ ಮೇಲೆ ಮಗಳ ಫೋನು ಬಂತು.

"ಅಪ್ಪ ಬಂದ್ರಾ ಅಲ್ಲಿಗೆ?"

"ಇಲ್ಲಿಗೆ? ನಿನ್ನ ಹತ್ರ ಇಲ್ವಾ?"

"ಮನೆ ನೋಡಿದ್ವಿ. ಎಲ್ಲಾ ನೋಡಿದ್ರು. ನಲ್ಲಿ ತಿರುಗಿಸಿದ್ರು. ಆಮೇಲೆ ಗೋಡೆಗೆ ಕಿವಿ ಇಟ್ಟು ಬೆರಳಲ್ಲಿ ತಟ್ಟೋಕೆ ಶುರು ಮಾಡಿದ್ರು. ಆಗ್ಲೇ ಗೊತ್ತಾಯ್ತು ನಂಗೆ. ಯೋಚ್ನೆ ಮಾಡ್ತೀನಿ ಅಂದು ಸ್ಟೇಷನ್ನಿಗೆ ಹೋದ್ರು. ಅಲ್ಮಾಟಿ ರೈಲು ಹತ್ತಿರ್ಬೇಕು."

"ಅಲ್ಮಾಟೀಲಿ ಏನು ಕೆಲ್ಸ?"

"ನಂಗೆ ಡ್ಯೂಟಿ ಇದೆ ಅಮ್ಮಾ," ಎಂದು ಫೋನಿಟ್ಟಳು.

ಟೊಕ್ತಾರ್ ಬಂದದ್ದು ವಾರದ ಕೊನೆಯಲ್ಲಿ, ಮಧ್ಯಾಹ್ನ. ಗಡ್ಡ ಬೋಳಿಸಿಕೊಂಡಿದ್ದ. ಎಷ್ಟೋ ವರ್ಷದಿಂದ ಕಾಣದಿದ್ದ ಹುರುಪು ಮುಖದಲ್ಲಿತ್ತು. ಬೆಂಚಿನ ಮೇಲೆ ಕೂತಿದ್ದ ಆ ಮುದುಕ ಬೇರೆ ಯಾರೋ ಎನ್ನುವ ಹಾಗೆ. ಬೂಟು ಕಳಚಿ ಚಹಾಕ್ಕೆ ಕೂತ. ಕುಲ್ಯಾಷ್ ಹಾಲು ಬೆರೆಸಿ ಬಟ್ಟಲು ಮುಂದಿಟ್ಟಳು.

"ಮನೆ ನೋಡಿದ್ರಾ?"

"ನೋಡ್ದೆ. ಬಿಸಿನೀರು, ಬಚ್ಚಲು, ಎಲ್ಲಾ ಇದೆ. ಗೋಡೆ ಮಾತ್ರ ರಟ್ಟು ಇದ್ದಂಗಿದೆ."

"ಬೇರೆ ಮನೆ ನೋಡೋಣ."

"ಯಾವ ಮನೆ ಆದ್ರೂ ಅಷ್ಟೇ ಕುಲ್ಯಾಷ್. ಕೊಂಡ ದಿನದಿಂದ ಸವೀತಾ ಹೋಗುತ್ತೆ. ಮನೆ ಬೆಳೆಯಲ್ಲ." ಅವನು ಬಟ್ಟಲು ಊದಿದ. "ಅಲ್ಮಾಟೀಲಿ ಷೇರು ಆಫೀಸಿಗೆ ಹೋಗಿದ್ದೆ. ನಾನು ಇಪ್ಪತ್ತೈದು ವರ್ಷ ಒಂದನ್ನೂ ಮಾರಿಲ್ಲ ಅಂದಾಗ ಅಲ್ಲಿದ್ದೋರೆಲ್ಲ ಎದ್ದು ಬಂದು ಕೈಕುಲುಕಿದ್ರು ಗೊತ್ತಾ? ಯಾರೂ ನಗ್ಲಿಲ್ಲ. ಟೈ ಕಟ್ಟಿದೋನು ತಾನೇ ಚಹಾ ತಂದುಕೊಟ್ಟ. ನಿಮ್ಮಂಥೋರನ್ನ ನೋಡಿರ್ಲಿಲ್ಲ ಅಂದ."

"ಏನು ತಗೊಂಡ್ರಿ?"

"ಗಾಳಿಯಿಂದ ಕರೆಂಟು ಮಾಡೋ ಕಂಪನಿ. ಹೊಸದು. ಯೋಚ್ನೆ ಮಾಡು, ಈ ನೆಲದಲ್ಲಿ ಗಾಳಿ ಯಾವತ್ತಾದ್ರೂ ನಿಂತಿದ್ದು ಕಂಡಿದ್ದೀಯಾ?"

"ಎಷ್ಟಕ್ಕೆ?"

ಟೊಕ್ತಾರ್ ಮತ್ತೆ ಬಟ್ಟಲು ಊದಿದ. ಅವಳು ಇನ್ನೊಮ್ಮೆ ಕೇಳಲಿಲ್ಲ.

"ಅನುವಾರನ ಕಲ್ಲಾದ್ರೂ ಇಟ್ಕೊಂಡಿದ್ದೀರಾ?"

"ಮೊದಲ ಲಾಭ ಬಂದ ತಕ್ಷಣ ಕಲ್ಲೇ ಹಾಕ್ಸೋದು. ಸತ್ತೋರಿಗೆ ಏನವಸರ? ಹದಿನೈದು ವರ್ಷ ಮುಟ್ಟದೆ ಇದ್ರೆ ತಾಮ್ರನೂ ಇದರ ಮುಂದೆ ಏನಿಲ್ಲ ಅಂದ ಆ ಟೈ ಕಟ್ಟಿದೋನು."

"ನಿನಗೆ ಎಪ್ಪತ್ತಮೂರು."

ಐವತ್ತು ವರ್ಷದ ಸಂಸಾರದಲ್ಲಿ ಅವಳು ಅವನನ್ನು 'ನೀನು' ಎಂದಿರಲಿಲ್ಲ. ಅವನು ತಲೆಯೆತ್ತಿದ.

"ನನಗಲ್ಲ ಕಣೇ. ನಾನೇನು ಕಟ್ಕೊಂಡು ಹೋಗ್ತೀನಾ? ಮೊಮ್ಮಕ್ಕಳ ಕಾಲಕ್ಕೆ..."

ಮಾತು ಅಲ್ಲಿಗೇ ನಿಂತಿತು. ಅವನು ತನ್ನ ಬಾಯಿಂದ ಬಂದದ್ದನ್ನು ಆಗ ತಾನೇ ಕೇಳಿಸಿಕೊಂಡವನಂತೆ ಬಟ್ಟಲನ್ನು ಮೇಜಿನ ಮೇಲಿಟ್ಟ. ಚಹಾ ತುಳುಕಿತು.

"ಯಾವ ಮೊಮ್ಮಕ್ಕಳು?" ಎಂದಳು ಕುಲ್ಯಾಷ್.

ಅವಳು ತುಳುಕಿದ ಚಹಾವನ್ನು ಬಟ್ಟೆಯಿಂದ ಒರೆಸಿದಳು. ಒಳಕೋಣೆಯಲ್ಲಿ ಆ ಚಿಕ್ಕ ಗುಡ್ಡೆ ಹಾಗೆಯೇ ಇತ್ತು. ಅದನ್ನು ಒಂದು ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದಳು. ತನ್ನ ಹಾಸಿಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಟೊಕ್ತಾರ್ ಬಾಗಿಲಿಗೆ ಬಂದು ನಿಂತ.

"ಎಲ್ಲಿಗೆ? ಇವತ್ತು ರೈಲಿಲ್ಲ."

"ರೈಲು ಬೇಡ," ಎಂದಳು ಅವಳು. ಅವನು ದಾರಿ ಬಿಟ್ಟ.

ಅಂಗಳ ದಾಟಿದರೆ ಝೈನೆಪಳ ಮನೆ. ಝೈನೆಪ್ ಬಾಗಿಲು ತೆಗೆದು ಗಂಟು ನೋಡಿದಳು, ಹಾಸಿಗೆ ನೋಡಿದಳು, ಆಮೇಲೆ ಗೆಳತಿಯ ಮುಖ ನೋಡಿದಳು. ಕಲ್ಲಿನ ಗತಿಯೂ ಏನಾಯಿತೆಂದು ಅವಳಿಗೆ ತಿಳಿಯಿತು.

"ಎಷ್ಟು ದಿನಕ್ಕೇ?"

"ಹದಿನೈದು ವರ್ಷಕ್ಕೆ," ಎಂದಳು ಕುಲ್ಯಾಷ್. "ಅಷ್ಟು ಮುಟ್ಟದೆ ಇದ್ರೆ ಬೆಳೀತೀನಂತೆ."

ಝೈನೆಪ್ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅಂಗಿಯ ತೋಳಿನಲ್ಲೇ ಒರೆಸಿಕೊಂಡು, ಹಾಸಿಗೆಯನ್ನು ಗೆಳತಿಯ ಕೈಯಿಂದ ತೆಗೆದುಕೊಂಡು, ಅನುವಾರ್ ಮಲಗುತ್ತಿದ್ದ ಕಡೆ ಹಾಸಿದಳು.

ಮರುದಿನ ಬೆಳಿಗ್ಗೆ ಎದ್ದಾಗ ಅಂಗಳವೆಲ್ಲ ಬೆಳ್ಳಗಾಗಿತ್ತು. ಕುಲ್ಯಾಷ್ ಕಿಟಕಿಯ ಹತ್ತಿರ ಹಿಟ್ಟು ನಾದುತ್ತಾ ಕೂತಳು. ಎಲ್ಲ ಮನೆಗಳ ಹೊಗೆಕೊಳವೆಯಿಂದಲೂ ಹೊಗೆ ನೆಟ್ಟಗೆ ಏಳುತ್ತಿತ್ತು, ಒಂದರಿಂದ ಮಾತ್ರ ಇಲ್ಲ. ಟೊಕ್ತಾರ್ ಒಮ್ಮೆ ಹೊರಗೆ ಬಂದು, ಕೋಟಿಲ್ಲದೆ ಬರಿ ಟೊಪ್ಪಿ ಹಾಕಿಕೊಂಡು, ತೊಯ್ದ ಸೌದೆ ಆರಿಸಿಕೊಂಡು ಒಳಗೆ ಹೋದ. ಕೆಳಗಿನ ಒಣ ಸೌದೆ ಅವನಿಗೆ ಕಾಣಲಿಲ್ಲ.

"ಒಲೆ ಬೂದಿ ತೆಗೆದಿಲ್ಲ ಅನ್ಸುತ್ತೆ," ಎಂದಳು ಝೈನೆಪ್ ಬಗ್ಗಿ ನೋಡಿ.

ಬಹಳ ಹೊತ್ತಿನ ಮೇಲೆ ಆ ಮನೆಯ ಕೊಳವೆಯಿಂದ ಕಪ್ಪಗೆ, ದಪ್ಪಗೆ ಸ್ವಲ್ಪ ಹೊಗೆ ಬಂತು, ಮಾಡಿನ ಹಿಮದ ಮೇಲೆ ಬಾಗಿ ಮಲಗಿತು, ಆಮೇಲೆ ನಿಂತುಹೋಯಿತು. ಕುಲ್ಯಾಷಳ ಕೈ ಹಿಟ್ಟಿನಲ್ಲಿ ಒಂದು ಗಳಿಗೆ ತಡೆಯಿತು. ಮತ್ತೆ ನಾದತೊಡಗಿತು.